ಅಪ್ಪಯ್ಯನಿಗೆ ಹತ್ತು ದಿನದಿಂದ ಮೋಷನ್ ಇಲ್ಲ, ಈಗ ನೀರಾಗಿ ಸೋರುತ್ತಿದೆ. ಇದು ಭೇದಿಯೋ, ಹೊಟ್ಟೆ ಕಟ್ಟಿದ್ದೋ?

ತುಂಗೆಯ ದಡ · ಗುರುವಾರ ಸಂಜೆ 6.10

ಇಂಥದ್ದನ್ನು ಹತ್ತು ಜನರ ಮುಂದೆ ಕೇಳಲು ಸಂಕೋಚ. ಆದರೆ ಬೇರೆ ಯಾರನ್ನು ಕೇಳುವುದೋ ತಿಳಿಯುತ್ತಿಲ್ಲ.

ಅಪ್ಪಯ್ಯನಿಗೆ 76 ವರ್ಷ. ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಮೂರು ವಾರ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೆ, ಉಳಿದ ಹೊತ್ತೆಲ್ಲ ಮಂಚವೇ. ಮನೆಗೆ ಬಂದ ಮೇಲೆ ಸರಿಯಾಗಿ ಹೊರಕಡೆಗೆ ಹೋಗಿದ್ದೇ ಇಲ್ಲ. ಹತ್ತು ದಿನವಂತೂ ಏನೂ ಇಲ್ಲ. ದಿನಾ ರಾತ್ರಿ ಎರಡು ಚಮಚ ಇಸಬಗೋಲ್ ಕೊಟ್ಟೆ. ಅತ್ತೆ ಹೇಳಿದರೆಂದು ಒಮ್ಮೆ ಹರಳೆಣ್ಣೆಯನ್ನೂ ಕುಡಿಸಿದೆ.

ಮೊನ್ನೆಯಿಂದ ಬೇರೆಯೇ ಕಥೆ. ಗೊತ್ತಾಗದ ಹಾಗೆ ನೀರು ನೀರಾಗಿ ಹೋಗಿ ಹಾಸಿಗೆ ಒದ್ದೆ. ದಿನಕ್ಕೆ ಐದಾರು ಸಲ. ಹೊಟ್ಟೆ ಉಬ್ಬಿದೆ, ಊಟ ಎರಡು ತುತ್ತು. ಮೆಡಿಕಲ್ ಶಾಪ್‌ನಲ್ಲಿ ಲೂಸ್ ಮೋಷನ್ ಅಂದೆ, ನಿಲ್ಲುವ ಮಾತ್ರೆ ಕೊಟ್ಟರು. ಎರಡು ಹಾಕಿದ್ದೇನೆ. ಮಾತ್ರೆ ಮುಂದುವರಿಸಲೇ? ಬಟ್ಟೆ ಬದಲಿಸುವಾಗ ಅವರು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಾರೆ, ಮಾತೇ ಆಡುವುದಿಲ್ಲ. ಅದೊಂದು ನೋಡಲಾಗುವುದಿಲ್ಲ.

ಚಿತ್ರಾನ್ನ ಡಬ್ಬಿ · ಸಂಜೆ 6.25

ಅಕ್ಕಾ, ಹರಳೆಣ್ಣೆ ಜಾಸ್ತಿ ಆಗಿರಬೇಕು. ಓಆರ್‌ಎಸ್ ಕೊಡಿ, ಮೊಸರನ್ನ, ಬಾಳೆಹಣ್ಣು ಕೊಡಿ. ನಮ್ಮಜ್ಜಿಗೂ ಹೀಗೇ ಆಗಿತ್ತು, ಎರಡು ದಿನದಲ್ಲಿ ನಿಂತಿತು.

ಹಳೆ ಸ್ಟೆತೊ · ಸಂಜೆ 6.40

ತುಂಗೆಯ ದಡ ಅವರೇ, ನಿಲ್ಲುವ ಮಾತ್ರೆ ಇನ್ನೊಂದೂ ಕೊಡಬೇಡಿ. ನಾನು ನಿವೃತ್ತ ಫಿಜಿಶಿಯನ್, ರೋಗಿಯನ್ನು ನೋಡದೆ ಖಚಿತವಾಗಿ ಹೇಳಲಾರೆ. ಆದರೆ ನೀವು ಬರೆದದ್ದು ಓದಿದರೆ ಇದು ಭೇದಿ ಅಲ್ಲ, ಹೊಟ್ಟೆ ಕಟ್ಟಿದ್ದರ ಕೊನೆಯ ಹಂತ ಅನ್ನಿಸುತ್ತದೆ.

ಗದ್ದೆಯ ಕಾಲುವೆಗೆ ಮಣ್ಣುಹೆಂಟೆ ಅಡ್ಡ ಬಿದ್ದರೆ ನೀರು ಪೂರ್ತಿ ನಿಲ್ಲುವುದಿಲ್ಲ, ಪಕ್ಕದಲ್ಲಿ ಸಂದು ಮಾಡಿಕೊಂಡು ಜಿನುಗುತ್ತದೆ. ಹಾಗೆಯೇ ಗುದನಾಳದಲ್ಲಿ ಗಟ್ಟಿ ಮಲದ ಮುದ್ದೆ ಕೂತಾಗ ಮೇಲಿನ ತೆಳುವಾದದ್ದು ಅದರ ಸುತ್ತ ಇಳಿದು ಬರುತ್ತದೆ. ಗುದನಾಳ ಹಿಗ್ಗಿ ಜಡವಾಗಿರುವುದರಿಂದ ರೋಗಿಗೆ ಅದು ಗೊತ್ತೂ ಆಗುವುದಿಲ್ಲ. ಇದಕ್ಕೆ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಮುದ್ದೆ ಇನ್ನಷ್ಟು ಬಿಗಿಯಾಗುತ್ತದೆ.

ಈಗಲೇ ನೋಡಿ ಹೇಳಿ: ವಾಂತಿ ಇದೆಯೇ? ಗಾಳಿ ಹೋಗುತ್ತಿದೆಯೇ? ಜ್ವರ, ರಕ್ತ? ಮೂತ್ರ ಸರಿಯಾಗಿ ಬರುತ್ತಿದೆಯೇ? ಮಾತು ಎಂದಿನಂತಿದೆಯೇ? ಬೀಳುವ ಮೊದಲು ಎಷ್ಟು ದಿನಕ್ಕೊಮ್ಮೆ ಹೋಗುತ್ತಿದ್ದರು? ಕೊನೆಯದಾಗಿ, ಯಾವ ಯಾವ ಮಾತ್ರೆ ನಡೆಯುತ್ತಿದೆ? ಒಂದನ್ನೂ ಬಿಡದೆ ಬರೆಯಿರಿ.

ತುಂಗೆಯ ದಡ · ಸಂಜೆ 7.05

ವಾಂತಿ ಇಲ್ಲ, ಜ್ವರ ಇಲ್ಲ, ರಕ್ತ ಕಂಡಿಲ್ಲ. ಗಾಳಿ ಹೋಗುತ್ತದೆ. ಮೂತ್ರ ನಿನ್ನೆಯಿಂದ ತೊಟ್ಟು ತೊಟ್ಟು. ರಾತ್ರಿ ಏನೇನೋ ಮಾತಾಡುತ್ತಾರೆ, ನಿನ್ನೆ ಕೊನೆಗಾರರು ಬಂದರಾ ಅಂತ ಕೇಳಿದರು. ಕೊಯ್ಲು ಮುಗಿದೇ ಎಷ್ಟೋ ದಿನವಾಯಿತು. ಬೀಳುವ ಮೊದಲು ಬೆಳಿಗ್ಗೆ ಕಾಫಿ ಕುಡಿದು ಎದ್ದರೆ ದಿನಾ ಆಗುತ್ತಿತ್ತು.

ಮಾತ್ರೆಗಳು: ನೋವಿಗೆ ಟ್ರಮಡಾಲ್ ಇರುವುದು ಮೂರು ಹೊತ್ತು, ಕ್ಯಾಲ್ಸಿಯಂ ಎರಡು, ಕಬ್ಬಿಣ ಒಂದು, ಬಿಪಿಗೆ ಆಮ್ಲೊಡಿಪಿನ್, ನಿದ್ದೆ ಮತ್ತು ನರದ ನೋವಿಗೆ ಎಂದು ರಾತ್ರಿ ಅಮಿಟ್ರಿಪ್ಟಿಲಿನ್, ಗ್ಯಾಸಿಗೆ ಒಂದು.

ಹಳೆ ಸ್ಟೆತೊ · ಸಂಜೆ 7.15

ಬೆಳಗಿನವರೆಗೆ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ. ಮೂತ್ರ ತೊಟ್ಟಿಕ್ಕುವುದು, ಮಾತು ತಪ್ಪುವುದು ಎರಡೂ ಸೇರಿದರೆ ಮೂತ್ರಕೋಶ ತುಂಬಿ ಕಟ್ಟಿರಬಹುದು. ತುಂಬಿದ ಗುದನಾಳ ಹಿಂದಿನಿಂದ ಒತ್ತುತ್ತದೆ, ಅಮಿಟ್ರಿಪ್ಟಿಲಿನ್ ಮೂತ್ರಕೋಶದ ಹಿಂಡುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಅಲ್ಲಿ "ಲೂಸ್ ಮೋಷನ್" ಅನ್ನುವ ಮಾತಿನಿಂದ ಶುರು ಮಾಡಬೇಡಿ. "ಹತ್ತು ದಿನ ಕಟ್ಟಿತ್ತು, ಈಗ ಸೋರುತ್ತಿದೆ, ಬೆರಳು ಹಾಕಿ ನೋಡಿ" ಎನ್ನಿ. ಗುದ ಪರೀಕ್ಷೆ ಮಾಡದೆ ಬರೆದ ಯಾವ ಚೀಟಿಯೂ ಇವತ್ತು ಬೇಡ.

ವಾರ್ಡ್ ಸಿಸ್ಟರ್ · ಸಂಜೆ 7.30

ಸರ್ ಹೇಳಿದ್ದು ಸರಿ. ಮಂಗಳೂರಿನಲ್ಲಿ ಮೂಳೆ ವಾರ್ಡಿನಲ್ಲಿ 19 ವರ್ಷ ಇದ್ದೇನೆ, ಇಂಥದ್ದು ಕಾಣದ ತಿಂಗಳಿಲ್ಲ. ಒಂದು ಮಾತು: ಅವಸರಕ್ಕೆ ಮನೆಯಲ್ಲೇ ಸೋಪು ನೀರಿನ ಎನಿಮಾ ಕೊಡಲು ಹೋಗಬೇಡಿ, ಕರುಳಿನ ಒಳಪದರ ಸುಡುತ್ತದೆ. ಅಂಗಡಿಯಲ್ಲಿ ಸಿಗುವ ಫಾಸ್ಫೇಟ್ ಎನಿಮಾವನ್ನೂ ನೀವಾಗಿ ಹಾಕಬೇಡಿ. ಮೂತ್ರ ಕಟ್ಟಿದವರಲ್ಲಿ, ಕಿಡ್ನಿ ಸುಸ್ತಾದವರಲ್ಲಿ ಅದು ಹೊರಗೆ ಬರದೆ ಒಳಗೇ ಉಳಿದರೆ ರಕ್ತದಲ್ಲಿ ಫಾಸ್ಫೇಟ್ ಏರಿ ಕ್ಯಾಲ್ಸಿಯಂ ಕುಸಿಯುತ್ತದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲೇ ಈ ಸೋಡಿಯಂ ಫಾಸ್ಫೇಟ್ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು, ಅದರಲ್ಲೂ 55 ದಾಟಿದವರಿಗೆ.

ಪರೀಕ್ಷೆ ಅಂದರೆ ಏನೋ ಅಂತ ತಂದೆಯವರು ಹೆದರಬಹುದು. ಎಡಮಗ್ಗುಲಿಗೆ ಮಲಗಿಸಿ, ಮೊಣಕಾಲು ಹೊಟ್ಟೆ ಕಡೆಗೆ ಮಡಿಸಿ, ಜೆಲ್ಲಿ ಹಚ್ಚಿದ ಬೆರಳು ನಿಧಾನ ಒಳಗೆ ಬಿಡುತ್ತಾರೆ. ಹೊಸ ಸೊಂಟ ಅಲ್ಲವಾ, ಕಾಲು ಎಷ್ಟು ಮಡಿಸಬಹುದು ಅಂತ ಮೊದಲೇ ಕೇಳಿಕೊಳ್ಳಿ. ಮೈ ಮೇಲೆ ಒಂದು ಬೆಡ್‌ಶೀಟ್ ಹೊದಿಸಲು ಹೇಳಿ, ನೀವು ತಲೆ ಕಡೆ ನಿಲ್ಲಿ.

ತುಂಗೆಯ ದಡ · ಶುಕ್ರವಾರ ಮಧ್ಯಾಹ್ನ 1.20

ನಿನ್ನೆ ರಾತ್ರಿಯೇ ಹೋದೆವು. ಯಾವ ಆಸ್ಪತ್ರೆ ಅನ್ನುವುದು ಬೇಡ. ಡ್ಯೂಟಿ ಡಾಕ್ಟರ್ ಹೊಟ್ಟೆ ಮುಟ್ಟದೇನೇ ಡ್ರಿಪ್ ಮತ್ತು ಆಂಟಿಬಯಾಟಿಕ್ ಬರೆದರು. ನಾನು ಸರ್ ಹೇಳಿಕೊಟ್ಟ ವಾಕ್ಯವನ್ನೇ ಒಪ್ಪಿಸಿದೆ. ಒಂದು ಕ್ಷಣ ಮುಖ ನೋಡಿದರು, ಆಮೇಲೆ ಗ್ಲೌಸ್ ಹಾಕಿಕೊಂಡರು. ಒಳಗೆ ಕಲ್ಲಿನ ಹಾಗೆ ತುಂಬಿತ್ತಂತೆ.

ಮೊದಲು ಮೂತ್ರಕ್ಕೆ ನಳಿಗೆ ಹಾಕಿದರು, 900 ಎಂಎಲ್ ಬಂತು. ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತ ಪರೀಕ್ಷೆ ಕ್ರಿಯಾಟಿನಿನ್ 1.7 ಇತ್ತು, ಜಾಸ್ತಿಯಂತೆ. ಹೊಟ್ಟೆಯ ಎಕ್ಸ್‌ರೇ ತೆಗೆದು ಕರುಳು ಮೇಲೆ ಅಡ್ಡಿಯಾಗಿಲ್ಲ ಎಂದು ನೋಡಿಕೊಂಡರು. ಆಮೇಲೆ ಮರಗಟ್ಟಿಸುವ ಜೆಲ್ಲಿ ಹಚ್ಚಿ ಬೆರಳಿನಿಂದಲೇ ಸ್ವಲ್ಪ ಸ್ವಲ್ಪ ತೆಗೆದರು, ನಾಡಿ ನೋಡುತ್ತಾ, ನಡುವೆ ನಿಲ್ಲಿಸುತ್ತಾ. ಬೆಳಿಗ್ಗೆ ಎಣ್ಣೆ ಎನಿಮಾ. ಈಗ ಒಂದು ಬಿಳಿ ಪುಡಿ ನೀರಿಗೆ ಬೆರೆಸಿ ಕೊಡುತ್ತಿದ್ದಾರೆ. ಹೊಟ್ಟೆ ಇಳಿದಿದೆ. ಈಗಷ್ಟೇ ಮನೆ ನಾಯಿಗೆ ಊಟ ಹಾಕಿದಿರಾ ಅಂತ ಕೇಳಿದರು, ಅಂದರೆ ತಲೆ ನೆಟ್ಟಗಾಯಿತು.

ಚಿತ್ರಾನ್ನ ಡಬ್ಬಿ · ಮಧ್ಯಾಹ್ನ 1.40

ಅಕ್ಕಾ, ಮೊಸರನ್ನ ಅಂದಿದ್ದಕ್ಕೆ ಕ್ಷಮಿಸಿ. ನಮ್ಮಜ್ಜಿಯದ್ದೂ ಇದೇ ಆಗಿತ್ತೋ ಏನೋ ಅಂತ ಈಗ ಯೋಚನೆ ಹತ್ತಿದೆ.

ಮಾತ್ರೆ ಅಂಗಡಿ · ಮಧ್ಯಾಹ್ನ 2.15

ಹಾಸನದಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದೇನೆ. ನಮ್ಮವರ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. "ಲೂಸ್ ಮೋಷನ್" ಅಂದ ಕೂಡಲೇ ಕೈ ಆ ಡ್ರಾಯರಿಗೆ ಹೋಗುತ್ತದೆ. ಯಾರಿಗೆ, ಎಷ್ಟು ವಯಸ್ಸು, ಬೇರೆ ಏನು ಮಾತ್ರೆ ಅಂತ ಕೇಳುವುದೇ ಇಲ್ಲ.

ನಿಮ್ಮ ಪಟ್ಟಿ ನೋಡಿದರೆ ಆರರಲ್ಲಿ ಐದು ಹೊಟ್ಟೆ ಕಟ್ಟುವಂಥವೇ. ಟ್ರಮಡಾಲ್ ಅಫೀಮಿನ ವರ್ಗದ್ದು, ಕರುಳಿನ ಚಲನೆಯನ್ನೇ ಹಿಡಿದು ನಿಲ್ಲಿಸುತ್ತದೆ. ಅಮಿಟ್ರಿಪ್ಟಿಲಿನ್ ಒಣಗಿಸುತ್ತದೆ. ಕ್ಯಾಲ್ಸಿಯಂ, ಕಬ್ಬಿಣ ಎಲ್ಲರಿಗೂ ಗೊತ್ತು. ಆಮ್ಲೊಡಿಪಿನ್ ಅದೇ ವರ್ಗದ ಇನ್ನೊಂದು ಮಾತ್ರೆ ವೆರಪಮಿಲ್‌ನಷ್ಟು ಕಟ್ಟುವುದಿಲ್ಲ, ಆದರೂ ಲೆಕ್ಕಕ್ಕೆ ಸೇರುತ್ತದೆ. ಆರನೆಯ ಗ್ಯಾಸಿನದ್ದು ಅಲ್ಯೂಮಿನಿಯಂ ಇರುವ ಆಂಟಾಸಿಡ್ ಆಗಿದ್ದರೆ ಅದೂ ಅದೇ ಗುಂಪು. ಹಾಗಂತ ಯಾವುದನ್ನೂ ನೀವೇ ನಿಲ್ಲಿಸಬೇಡಿ, ಬಿಪಿ ಮಾತ್ರೆಯಂತೂ ಬೇಡವೇ ಬೇಡ. ಚೀಲ ಮೇಜಿನ ಮೇಲೆ ಸುರಿದು "ಇವುಗಳಲ್ಲಿ ಯಾವುದು ಬಿಡಬಹುದು?" ಎಂದು ಕೇಳಿ.

ಇನ್ನೊಂದು, ಆ ಬಿಳಿ ಪುಡಿ ಪಾಲಿಎಥಿಲೀನ್ ಗ್ಲೈಕಾಲ್ ಇರಬೇಕು, ಪೆಗ್ ಅನ್ನುತ್ತಾರೆ. ಅಂಗಡಿಯಲ್ಲಿ ಎರಡು ಥರ ಇರುತ್ತದೆ. ಒಂದು ಲೋಟ ನೀರಿಗೆ ಬೆರೆಸುವ, ದಿನಕ್ಕೊಂದರಂತೆ ಕೊಡುವ ಚಿಕ್ಕ ಪೊಟ್ಟಣ. ಇನ್ನೊಂದು ಕೊಲೊನೊಸ್ಕೊಪಿಗೆ, ಅಂದರೆ ದೊಡ್ಡಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆಗೆ, ಮೊದಲು ಕರುಳು ತೊಳೆಯಲು 2 ಲೀಟರ್ ನೀರಿಗೆ ಬೆರೆಸುವ ದೊಡ್ಡದು. ಹೆಸರೂ ಹತ್ತಿರ ಹತ್ತಿರ. ತರುವಾಗ ಚೀಟಿ ತೋರಿಸಿಯೇ ತನ್ನಿ.

ಅಳಲೆಕಾಯಿ · ಮಧ್ಯಾಹ್ನ 3.00

ಎಲ್ಲ ಸರಿ. ಆದರೆ ಇಸಬಗೋಲ್, ತ್ರಿಫಲ ಬಿಟ್ಟು ರಾಸಾಯನಿಕ ಪುಡಿ ಯಾಕೆ? ಅಳಲೆ, ತಾರೆ, ನೆಲ್ಲಿ ನಮ್ಮ ಹಿರಿಯರು ಶತಮಾನಗಳಿಂದ ತಿಂದದ್ದು. ಇಂಗ್ಲಿಷ್ ಔಷಧಿ ಒಮ್ಮೆ ಶುರು ಮಾಡಿದರೆ ಕರುಳು ಸೋಮಾರಿಯಾಗಿ ಜೀವನಪೂರ್ತಿ ಬೇಕಾಗುತ್ತದೆ.

ಹಳೆ ಸ್ಟೆತೊ · ಸಂಜೆ 5.30

ನಿಮ್ಮ ಮಾತಿನಲ್ಲಿ ಮೂರು ವಿಷಯ ಸೇರಿಕೊಂಡಿವೆ.

ಇಸಬಗೋಲ್ ಒಳ್ಳೆಯದು. ಓಡಾಡುವವರಿಗೆ, ನೀರು ಕುಡಿಯುವವರಿಗೆ ನಾನೂ ಮೊದಲು ಅದನ್ನೇ ಬರೆದವನು. ಅದು ಕೆಲಸ ಮಾಡುವುದು ನೀರು ಹೀರಿ ಉಬ್ಬಿ. ಮಲಗಿದ ಮುದುಕರು "ಮತ್ತೆ ಎಬ್ಬಿಸಬೇಕಲ್ಲ" ಅಂತ ನೀರೇ ಕುಡಿಯುವುದಿಲ್ಲ, ಟ್ರಮಡಾಲ್ ಕರುಳನ್ನು ನಿಲ್ಲಿಸಿರುತ್ತದೆ. ಅಲ್ಲಿಗೆ ಎರಡು ಚಮಚ ಹೊಟ್ಟು ಹಾಕಿದರೆ ನಿಂತ ಲಾರಿಯ ಹಿಂದೆ ಇನ್ನೊಂದು ಲಾರಿ ನಿಲ್ಲಿಸಿದ ಹಾಗೆ. ಅಫೀಮಿನ ವರ್ಗದ ನೋವುಮಾತ್ರೆ ಬರೆಯುವ ದಿನವೇ ಜೊತೆಗೆ ಮಲ ಸಡಿಲಿಸುವ ಔಷಧಿ ಬರೆಯಬೇಕು, ಅದೂ ಹೊಟ್ಟಿನ ಬಗೆಯದಲ್ಲ. ಸೊಂಟ ಮುರಿದವರ ಡಿಸ್ಚಾರ್ಜ್ ಚೀಟಿಯಲ್ಲಿ ನಾನು ಹುಡುಕುವ ಮೊದಲ ಸಾಲು ಇದು. ಬಹಳ ಸಲ ಇರುವುದಿಲ್ಲ.

ತ್ರಿಫಲದ ಮೇಲೆ ನನಗೆ ಜಗಳವಿಲ್ಲ. ಆದರೆ "ಹೊಟ್ಟೆ ಶುದ್ಧಿ" ಚೂರ್ಣಗಳ ಡಬ್ಬಿ ತಿರುಗಿಸಿ ಓದಿ, ಬಹಳಷ್ಟರಲ್ಲಿ ಸೋನಾಮುಖಿ ಇರುತ್ತದೆ. ಅದೇ ಇಂಗ್ಲಿಷ್ ಮಾತ್ರೆಯ ಸೆನ್ನಾ. ಬಿಸಾಕೊಡಿಲ್ ಕೂಡ ಕರುಳನ್ನು ತಿವಿದು ಎಬ್ಬಿಸುವ ಅದೇ ಬಗೆ. ರಾತ್ರಿ ತಗೊಂಡರೆ 6ರಿಂದ 12 ಗಂಟೆಯಲ್ಲಿ, ಅಂದರೆ ಬೆಳಿಗ್ಗೆ ಆಗುತ್ತದೆ. ಗಿಡದ್ದೋ ಕಾರ್ಖಾನೆಯದ್ದೋ ಕರುಳು ಕೇಳುವುದಿಲ್ಲ.

ಸೋಮಾರಿ ಕರುಳಿನ ಮಾತು ನಮ್ಮ ಕಾಲೇಜಿನಲ್ಲೂ ಹೇಳಿಕೊಟ್ಟಿದ್ದರು. ಹೇಳಿದ ಪ್ರಮಾಣದಲ್ಲಿ ತಗೊಂಡರೆ ಕರುಳು ಕೆಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಬಹುಕಾಲ ಸೋನಾಮುಖಿ ತಿಂದವರ ದೊಡ್ಡಕರುಳಿನ ಒಳಪದರ ಕಪ್ಪಾಗುತ್ತದೆ, ಅದು ಕ್ಯಾನ್ಸರ್ ಅಲ್ಲ, ಬಿಟ್ಟರೆ ಮಾಸುತ್ತದೆ. ಪೆಗ್ ರಕ್ತಕ್ಕೆ ಸೇರುವುದೇ ಅತ್ಯಲ್ಪ, ನೀರನ್ನು ಹಿಡಿದಿಟ್ಟುಕೊಂಡು ಕರುಳಿನೊಳಗೇ ಸಾಗಿ ಹೋಗುತ್ತದೆ. ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ 17 ಗ್ರಾಂ, ಮೋಷನ್ ನೋಡಿಕೊಂಡು ಹೆಚ್ಚು ಕಡಿಮೆ. ಲ್ಯಾಕ್ಟುಲೋಸ್ ಸಿರಪ್ ಕೂಡ ನಡೆಯುತ್ತದೆ, ಆದರೆ ಗ್ಯಾಸ್ ಜಾಸ್ತಿ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ 2010ರ ಕಾಕ್ರೇನ್ ವಿಮರ್ಶೆಯಲ್ಲಿ ಎರಡನ್ನೂ ಹೋಲಿಸಿ ಪೆಗ್ ಮೇಲು ಎಂದಿದ್ದಾರೆ. 2023ರ ಅಮೆರಿಕದ ಕರುಳುತಜ್ಞರ ಮಾರ್ಗಸೂಚಿಯೂ ಬಲವಾಗಿ ಹೇಳಿದ ಔಷಧಿಗಳಲ್ಲಿ ಅದೊಂದು, ನಾರಿನ ಪುಡಿಗೆ ಅಷ್ಟು ಬಲದ ಮಾತಿಲ್ಲ.

ಧಾರವಾಡ ಫೇಡೆ · ರಾತ್ರಿ 9.05

ಸರ, ನಾರಿನ ಮಾತು ಬಂತಂತ ಹೇಳ್ತೀನ್ರಿ. ನಮ್ಮ ಮನ್ಯಾಗ ಎರಡೂ ಹೊತ್ತು ಜ್ವಾಳದ ರೊಟ್ಟಿ, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ. "ನಾರು ತಿನ್ರಿ" ಅಂದ ಡಾಕ್ಟರ್‌ಗೆ ಕೇಳಿದ್ದೆ, "ಇನ್ನ ಹಗ್ಗ ತಿನ್ಲೇನ್ರಿ?" ಅಂತ.

ನನಗ 34 ವರ್ಷ. ಆರು ವರ್ಷ ದಿನಾ ಮುಂಜಾನೆ ಅರ್ಧ ತಾಸು ಸಂಡಾಸದಾಗ ಕುಂತು ತಿಣುಕೂದು. ದಿನಾ ಹೋಗ್ತಿದ್ದೆ ನೋಡ್ರಿ, ಅದಕ್ಕ ಯಾರೂ ಇದನ್ನ ಮಲಬದ್ಧತಿ ಅನ್ನಲೇ ಇಲ್ಲ. ಮಲ ಭಾಳ ಗಟ್ಟಿನೂ ಇರ್ತಿದ್ದಿಲ್ಲ. ಹೋಗಿ ಬಂದ್ರೂ ಒಳಗ ಉಳಿದೈತಿ ಅನ್ನಿಸೂದು. ಇಸಬಗೋಲ್ ತಗೊಂಡ್ರ ಹೊಟ್ಟಿ ಉಬ್ಬರಾ ಇನ್ನ ಜಾಸ್ತಿ. ಫಿಶರ್ ಅಂದ್ರು, ಮೂಲವ್ಯಾಧಿ ಅಂದ್ರು, ಟೆನ್ಶನ್ ಅಂದ್ರು. ಕಡೀಕ ಬೆಂಗಳೂರಾಗ ಒಬ್ರು ಬೆರಳು ಹಾಕಿ "ಈಗ ತಿಣುಕ್ರಿ" ಅಂದ್ರು. ಆಗ ಗೊತ್ತಾತು. ನಾ ತಿಣುಕಿದಾಗ ಬಾಗಲಾ ತೆರೀಬೇಕಾದ ಸ್ನಾಯು ಉಲ್ಟಾ ಬಿಗಿ ಹಿಡೀತಿತ್ತು.

ಒಂದು ಬಲೂನ್ ಪರೀಕ್ಷಾ ಮಾಡಿದ್ರು. ಒಳಗ ಬಲೂನ್ ಇಟ್ಟು 50 ಎಂಎಲ್ ನೀರು ತುಂಬಿ, ಹೊರಗ ಹಾಕ್ರಿ ಅಂತಾರ. ಸುಮಾರು ಒಂದು ನಿಮಿಷದಾಗ ಆಗಬೇಕಂತ. ನನಗ ಐದು ನಿಮಿಷಕ್ಕೂ ಆಗಲಿಲ್ಲ. ಆಮ್ಯಾಲ ಬಯೊಫೀಡ್‌ಬ್ಯಾಕ್ ಅಂತ ಆರು ಸಲ ಹೋದೆ. ಪರದೆ ಮ್ಯಾಲ ನಮ್ಮ ಸ್ನಾಯುನ ಗೆರಿ ಕಾಣ್ತದ, ಅದನ್ನ ನೋಡ್ಕೋತ ಹೆಂಗ ಸಡಿಲ ಬಿಡಬೇಕು ಅಂತ ಕಲಿಸ್ತಾರ. ನಾಚಿಕಿ ಆಗ್ತದ, ಸುಳ್ಳು ಹೇಳಂಗಿಲ್ಲ. ಆದ್ರ ಆರು ವರ್ಷದ್ದು ಮೂರು ತಿಂಗಳದಾಗ ಹೋತು.

ಹಳೆ ಸ್ಟೆತೊ · ರಾತ್ರಿ 9.40

ಫೇಡೆಯವರೇ, "ಇನ್ನ ಹಗ್ಗ ತಿನ್ಲೇನ್ರಿ" ನನ್ನ ವಿದ್ಯಾರ್ಥಿಗಳಿಗೆ ಹೇಳಬೇಕಾದ ಮಾತು.

ಎಷ್ಟು ದಿನಕ್ಕೊಮ್ಮೆ ಎಂಬುದೊಂದನ್ನೇ ಕೇಳಿ ನಾವು ನಿಲ್ಲಿಸಿಬಿಡುತ್ತೇವೆ. ಮಲಬದ್ಧತೆ ಗುರುತಿಸಲು ತಜ್ಞರು ಮಾಡಿದ 2016ರ ರೋಮ್ 4 ಅಳತೆಗೋಲು ಬರಿ ಅದನ್ನು ನೋಡುವುದಿಲ್ಲ. ತಿಣುಕುವುದು, ಗಂಟು ಗಂಟಾದ ಮಲ, ಪೂರ್ತಿ ಆಗಲಿಲ್ಲ ಎಂಬ ಭಾವನೆ, ಏನೋ ಅಡ್ಡ ನಿಂತಂತೆ ಅನ್ನಿಸುವುದು, ಕೈಯಿಂದ ಸಹಾಯ ಮಾಡಿಕೊಳ್ಳಬೇಕಾಗುವುದು, ಇವು ನಾಲ್ಕರಲ್ಲಿ ಒಂದು ಸಲಕ್ಕಿಂತ ಹೆಚ್ಚು ಇರಬೇಕು. ಅಥವಾ ವಾರಕ್ಕೆ ಮೂರಕ್ಕಿಂತ ಕಡಿಮೆ ಸಲ ತಾನಾಗಿ ಆಗಬೇಕು. ಇವುಗಳಲ್ಲಿ ಯಾವುದೇ ಎರಡು ಕಳೆದ ಮೂರು ತಿಂಗಳಿಂದ ಇದ್ದು, ತೊಂದರೆ ಶುರುವಾಗಿ ಆರು ತಿಂಗಳಾಗಿರಬೇಕು. ಫೇಡೆಯವರು ದಿನಾ ಹೋಗುತ್ತಿದ್ದರೂ ಇದಕ್ಕೆ ಸೇರುತ್ತಾರೆ. ಎರಡು ದಿನಕ್ಕೊಮ್ಮೆ ಸಲೀಸಾಗಿ ಹೋಗುವ ಆರೋಗ್ಯವಂತ ಸೇರುವುದಿಲ್ಲ, ದಿನಾ ಆಗದಿದ್ದರೆ ವಿಷ ಏರುತ್ತದೆ ಎಂಬ ಹೆದರಿಕೆ ಬೇಡ.

ಮಲದ ಸ್ವರೂಪಕ್ಕೆ ಬ್ರಿಸ್ಟಲ್ ಚಿತ್ರ ಇದೆ, ಇಂಗ್ಲೆಂಡಿನ ಆ ಊರಿನ ವೈದ್ಯರು 1997ರಲ್ಲಿ ಪ್ರಕಟಿಸಿದ್ದು, ಒಟ್ಟು ಏಳು ಬಗೆ. ಒಂದು ಆಡಿನ ಹಿಕ್ಕೆ, ನಾಲ್ಕು ಸಿಪ್ಪೆ ಸುಲಿದ ಬಾಳೆಹಣ್ಣು, ಆರು ಅಂಬಲಿ, ಏಳು ಬರಿ ನೀರು. "ಹೇಗಿದೆ?" ಅಂದರೆ ಮುಖ ತಿರುಗಿಸುವವರು "ಎಷ್ಟನೇ ನಂಬರು?" ಅಂದರೆ ಥಟ್ಟನೆ ಹೇಳುತ್ತಾರೆ.

ಸೀಗೆಬಾಗಿ · ಶನಿವಾರ ಬೆಳಿಗ್ಗೆ 7.15

ನಡುವೆ ತೂರಿದ್ದಕ್ಕೆ ಕ್ಷಮಿಸಿ. ನನಗೆ 53. ಮೊದಲೆಲ್ಲ ಸರಿ ಇತ್ತು, ನಾಲ್ಕು ತಿಂಗಳಿಂದ ಕಟ್ಟುತ್ತಿದೆ, ಎರಡು ಸಲ ರಕ್ತ ಕಂಡಿತು. ಪೈಲ್ಸ್ ಅಂದುಕೊಂಡು ಮೂಲಂಗಿ ರಸ ಕುಡಿಯುತ್ತಿದ್ದೇನೆ. ತೂಕವೂ ಇಳಿದಿದೆ, ಅದು ವಾಕಿಂಗ್‌ನಿಂದ ಇರಬಹುದು.

ಹಳೆ ಸ್ಟೆತೊ · ಬೆಳಿಗ್ಗೆ 7.25

ಮೂಲಂಗಿ ಸಾಂಬಾರಿಗಿರಲಿ. ಈ ವಯಸ್ಸಿನಲ್ಲಿ ಹೊಸದಾಗಿ ಶುರುವಾದದ್ದು, ರಕ್ತ, ತೂಕ ಇಳಿತ, ಮೂರೂ ಇವೆ. ಈ ವಾರವೇ ಹೋಗಿ ಗುದ ಪರೀಕ್ಷೆ, ಹಿಮೋಗ್ಲೋಬಿನ್, ಆಮೇಲೆ ಕೊಲೊನೊಸ್ಕೊಪಿ. ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತೇ ಎಂದು ವಿಚಾರಿಸಿಕೊಂಡು ಹೋಗಿ. ಬರಿ ಪೈಲ್ಸೇ ಇರಬಹುದು, ಆದರೆ ಅದನ್ನು ನೋಡಿ ಹೇಳಬೇಕು, ಊಹಿಸಿ ಅಲ್ಲ.

ಪುಟ್ಟನ ಅಮ್ಮ · ಬೆಳಿಗ್ಗೆ 10.50

ಸರ್, ನಾಲ್ಕು ವರ್ಷದ ಮಗ. ಬಂದಾಗ ಕಾಲು ಅಡ್ಡ ಹಾಕಿ, ಸೋಫಾ ಹಿಂದೆ ನಿಂತು ಬಿಗಿ ಹಿಡಿಯುತ್ತಾನೆ. ಚಡ್ಡಿಯಲ್ಲಿ ಸ್ವಲ್ಪ ಸ್ವಲ್ಪ ಅಂಟಿರುತ್ತದೆ. ಸ್ಕೂಲಿಗೆ ಹಾಕಿದ ಮೇಲೆ ಶುರುವಾಗಿದ್ದು. ಹಟ ಅಂತ ಹೊಡೆದೂ ಆಯಿತು.

ವಾರ್ಡ್ ಸಿಸ್ಟರ್ · ಬೆಳಿಗ್ಗೆ 11.10

ಹೊಡೀಬೇಡಿ ಮಾರಾಯ್ರೆ. ಒಂದು ಸಲ ಗಟ್ಟಿ ಹೋಗಿ ನೋವಾಗಿರುತ್ತದೆ, ಮತ್ತೆ ನೋಯುತ್ತದೆ ಅಂತ ಮಗು ಹಿಡಿದುಕೊಳ್ಳುತ್ತದೆ, ಹಿಡಿದಷ್ಟೂ ಗಟ್ಟಿಯಾಗುತ್ತದೆ. ಚಡ್ಡಿಗೆ ಅಂಟುವುದು ಮೇಲೆ ಅಜ್ಜನಿಗೆ ಆದದ್ದರ ಚಿಕ್ಕ ರೂಪವೇ. ಮಕ್ಕಳ ಡಾಕ್ಟರ್ ಹತ್ತಿರ ಹೋಗಿ, ಮೊದಲು ಪೂರ್ತಿ ಖಾಲಿ ಮಾಡಿಸಿ, ಆಮೇಲೆ ಪೆಗ್ ಅಥವಾ ಲ್ಯಾಕ್ಟುಲೋಸ್ ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ. ಎರಡು ವಾರಕ್ಕೆ ಸರಿಯಾಯಿತು ಅಂತ ನಿಲ್ಲಿಸಿದರೆ ಮತ್ತೆ ಮೊದಲಿಗೆ. ಊಟ ಆದ ಮೇಲೆ ಐದು ನಿಮಿಷ ಕೂರಿಸಿ, ಕಾಲಡಿಗೆ ಮಣೆ ಇಡಿ. ಹುಟ್ಟಿದಾಗ ಮೊದಲ ಕಪ್ಪು ಮಲ 48 ಗಂಟೆ ಒಳಗೆ ಹೋಗಿತ್ತಾ ಅಂತ ನೆನಪು ಮಾಡಿಕೊಂಡು ಡಾಕ್ಟರಿಗೆ ಹೇಳಿ. ತಡವಾಗಿದ್ದರೆ ಕರುಳಿನ ನರಗಳಲ್ಲೇ ಹುಟ್ಟು ದೋಷ ಇದೆಯೇ ಎಂದು ನೋಡುತ್ತಾರೆ.

ಅಳಲೆಕಾಯಿ · ಬೆಳಿಗ್ಗೆ 11.45

ಡಬ್ಬಿ ತಿರುಗಿಸಿ ಓದಿದೆ. ಸೋನಾಮುಖಿ ಇದೆ. ಮೊದಲನೇ ಹೆಸರೇ ಅದು.

ತುಂಗೆಯ ದಡ · ಒಂದು ತಿಂಗಳ ನಂತರ, ಭಾನುವಾರ

ಎಲ್ಲರೂ ವಿಚಾರಿಸುತ್ತಿದ್ದೀರಿ, ತಡವಾಯಿತು. ಮೂತ್ರದ ನಳಿಗೆ ಆರನೇ ದಿನ ತೆಗೆದರು, ಈಗ ತಾವೇ ಹೋಗುತ್ತಾರೆ. ಕ್ರಿಯಾಟಿನಿನ್ 1.1ಕ್ಕೆ ಇಳಿಯಿತು. ಚೀಲ ಸುರಿದು ಕೇಳಿದೆ. ಟ್ರಮಡಾಲ್ ಇಳಿಸುತ್ತಾ ಬಂದು ನಿಲ್ಲಿಸಿ ಬರಿ ಪ್ಯಾರಾಸಿಟಮಾಲ್ ಉಳಿಸಿದರು. ರಾತ್ರಿಯ ಅಮಿಟ್ರಿಪ್ಟಿಲಿನ್ ಬಿಡಿಸಿದರು. ಕಬ್ಬಿಣ ದಿನ ಬಿಟ್ಟು ದಿನ. ಬಿಪಿಯದ್ದು ಹಾಗೇ ಇದೆ. ಥೈರಾಯ್ಡ್, ಸಕ್ಕರೆ, ಕ್ಯಾಲ್ಸಿಯಂ ನೋಡಿದರು, ಎಲ್ಲ ಸರಿ ಇತ್ತು.

ಪೆಗ್ ಪುಡಿ ದಿನಕ್ಕೊಂದು ಪೊಟ್ಟಣ ನಡೆದಿದೆ. ಕಮೋಡ್ ಕುರ್ಚಿ ತಂದೆವು, ಆದರೆ ಅದರ ಮೇಲೆ ಕಾಲು ಇಳಿಬಿಟ್ಟು ಕೂತರೆ ಆಗುವುದೇ ಇಲ್ಲ ಅಂದರು. ಜೀವಮಾನವಿಡೀ ಕುಕ್ಕರುಗಾಲಲ್ಲಿ ಕೂತವರು. ಮೊಣಕಾಲು ಸ್ವಲ್ಪ ಮೇಲೆದ್ದರೆ ಗುದನಾಳದ ಬಾಗು ನೇರವಾಗುತ್ತದಂತೆ. ಹೊಸ ಸೊಂಟಕ್ಕೆ ಜಾಸ್ತಿ ಮಡಿಸಬಾರದು ಅಂತ ಫಿಸಿಯೋದವರು ಅಳತೆ ನೋಡಿ ಗಿಡ್ಡ ಮಣೆಯೊಂದನ್ನು ಒಪ್ಪಿದರು. ಊಟದ ಮಣೆಯೇ, ಅಮ್ಮನ ಕಾಲದ್ದು. ಬೆಳಿಗ್ಗೆ ಕಾಫಿ ಆಗಿ ಹದಿನೈದು ನಿಮಿಷಕ್ಕೆ ಕೂರಿಸಿ, ಬಾಗಿಲು ಹಾಕಿ ನಾನು ಹೊರಗೆ ಬಂದುಬಿಡುತ್ತೇನೆ. ಆಸ್ಪತ್ರೆಯಲ್ಲಿ ಪರದೆ ಹಿಂದೆ ಬೆಡ್‌ಪ್ಯಾನ್ ಕೊಟ್ಟಾಗ ಯಾಕೆ ಆಗುತ್ತಿರಲಿಲ್ಲ ಅಂತ ಈಗ ಅರ್ಥವಾಗುತ್ತದೆ.

ಎಷ್ಟು ದಿನಕ್ಕೊಮ್ಮೆ, ಸರ್ ಹೇಳಿದ ಬ್ರಿಸ್ಟಲ್ ಚಿತ್ರದ ಯಾವ ನಂಬರು ಅಂತ ಬರೆದಿಡಲು ಅಡುಗೆಮನೆಯ ಕ್ಯಾಲೆಂಡರ್ ತಂದು ಅವರ ಮಂಚದ ಪಕ್ಕ ನೇತುಹಾಕಿದೆ. ಮೊದಲೆರಡು ದಿನ ನಾನು ಬರೆದೆ. ಮೂರನೇ ದಿನದಿಂದ ಪೆನ್ಸಿಲ್ ಅವರ ಕೈಯಲ್ಲೇ ಇದೆ. ಹೆಚ್ಚಾಗಿ ನಾಲ್ಕು, ಒಮ್ಮೊಮ್ಮೆ ಮೂರು. ಏಕಾದಶಿಯ ಚೌಕದಲ್ಲಿ ಜಾಗ ಸಾಲದೆ ಪಕ್ಕದ ದ್ವಾದಶಿಗೆ ಬರೆದು ಬಾಣದ ಗುರುತು ಹಾಕಿದ್ದಾರೆ. ನಿನ್ನೆ ತಂಗಿ ಬಂದವಳು ಇದೇನು ಲೆಕ್ಕ ಅಂತ ಕೇಳಿದಳು. "ಅಡಿಕೆ ರೇಟು" ಅಂದರು.